ಮರೆವಿನಿಂದ ಮರಳಿದ ಕೃತಿಗಳು

ಒಂದು ಗ್ರಂಥವು ಹೇಗೆ ಕಣ್ಮರೆಯಾಗುತ್ತದೆ? ಬೆಂಕಿಗೋ ಗೆದ್ದಲಿಗೋ ತುತ್ತಾಗಿ ನಾಶವಾದ ಗ್ರಂಥಗಳುಂಟು. ಆದರೆ ಮುದ್ರಣಯುಗದಲ್ಲಿ ಹೆಚ್ಚಿನ ಗ್ರಂಥಗಳು ಮರೆಯಾಗುವುದು ಬೇರೊಂದು ಬಗೆಯಲ್ಲಿ. ಮೊದಲ ಮುದ್ರಣದ ಪ್ರತಿಗಳು ಮುಗಿಯುತ್ತವೆ, ಮರುಮುದ್ರಣವಾಗುವುದಿಲ್ಲ, ಸಾಹಿತ್ಯಚರಿತ್ರೆಯನ್ನು ಬರೆಯುವವರು ಅದರ ಹೆಸರೆತ್ತುವುದಿಲ್ಲ. ಒಂದು ತಲೆಮಾರು ಕಳೆಯುವುದರೊಳಗೆ ಅಂಥದೊಂದು ಗ್ರಂಥವಿತ್ತೆಂಬುದೇ ಜನರಿಗೆ ತಿಳಿಯದು. ನಾಟಕದ ಪಾಡು ಇನ್ನೂ ಕಷ್ಟ. ಅದಕ್ಕೆ ಓದುಗರಷ್ಟೇ ಸಾಲದು. ರಂಗಭೂಮಿ ಬೇಕು, ನಟರು ಬೇಕು, ಪ್ರೇಕ್ಷಕರು ಬೇಕು. ಹೀಗೆ ಮರೆಯಾಗಿ ಮತ್ತೆ ಬೆಳಕು ಕಂಡ ಕೆಲವು ಕೃತಿಗಳ ಕಥೆಯನ್ನು ಈ ಪಾಠದಲ್ಲಿ ನೋಡೋಣ.

ಬ್ರಿಟನ್ ದ್ವೀಪದ ಉತ್ತರಭಾಗವೇ ಸ್ಕಾಟ್ಲೆಂಡ್. ತಮ್ಮ ನಾಡಿನ ನುಡಿಗೂ ಬದುಕಿಗೂ ಸಾಹಿತ್ಯದಲ್ಲಿ ತಕ್ಕ ಸ್ಥಾನ ದೊರೆಯಬೇಕೆಂದು ಅಲ್ಲಿನ ಲೇಖಕರು 1920ರ ದಶಕದಲ್ಲಿ ಒಂದು ಚಳವಳಿಯನ್ನು ಹೂಡಿದರು. ಕವಿ ಹ್ಯೂ ಮ್ಯಾಕ್‌ಡಿಯರ್ಮಿಡ್ ಅದರ ಮುಂದಾಳು. ಈ ಕಾಲವನ್ನು ಸ್ಕಾಟ್ಲೆಂಡಿನ ನವೋದಯವೆನ್ನಬಹುದು. ಆದರೆ ಅದರ ಚರಿತ್ರೆಯನ್ನು ಬರೆದವರು ಬಹುಕಾಲ ಪುರುಷರ ಹೆಸರುಗಳನ್ನೇ ಮುಂದಿಟ್ಟರು. ಅದೇ ಕಾಲದಲ್ಲಿ ಬರೆಯುತ್ತಿದ್ದ ಮಹಿಳೆಯರು ಮೂಲೆಗೆ ಸರಿದರು.

ಅವರಲ್ಲಿ ಕ್ಯಾಥರಿನ್ ಕಾರ್ಸ್‌ವೆಲ್ ಒಬ್ಬರು. 1879ರಲ್ಲಿ ಗ್ಲಾಸ್ಗೋ ನಗರದಲ್ಲಿ ಜನಿಸಿದ ಇವರು ಪತ್ರಿಕೆಯೊಂದಕ್ಕೆ ಗ್ರಂಥವಿಮರ್ಶೆ ಬರೆಯುತ್ತಿದ್ದರು. 1915ರಲ್ಲಿ ಡಿ. ಎಚ್. ಲಾರೆನ್ಸನ ವಿವಾದಾಸ್ಪದ ಕಾದಂಬರಿಯೊಂದನ್ನು ವಿಮರ್ಶಿಸಿದುದಕ್ಕಾಗಿ ಆ ಕೆಲಸವನ್ನೇ ಕಳೆದುಕೊಂಡರು. ಆದರೂ ಲೇಖನಿಯನ್ನು ಕೆಳಗಿಡಲಿಲ್ಲ. 1920ರಲ್ಲಿ 'ಓಪನ್ ದಿ ಡೋರ್' ಎಂಬ ಕಾದಂಬರಿಯನ್ನು ಪ್ರಕಟಿಸಿದರು. 1930ರಲ್ಲಿ, ಸ್ಕಾಟ್ಲೆಂಡಿನ ಜನ ಆರಾಧಿಸುವ ಕವಿ ರಾಬರ್ಟ್ ಬರ್ನ್ಸನ ಗುಣದೋಷಗಳೆರಡನ್ನೂ ಮುಚ್ಚುಮರೆಯಿಲ್ಲದೆ ತಿಳಿಸುವ ಜೀವನಚರಿತ್ರೆಯನ್ನು ಬರೆದರು. ಇದರಿಂದ ಕುಪಿತನಾದ ಯಾರೋ ಒಬ್ಬನು ಅಂಚೆಯ ಮೂಲಕ ಅವರಿಗೆ ಬಂದೂಕಿನ ಗುಂಡೊಂದನ್ನು ಕಳುಹಿಸಿದನಂತೆ!

ವಿಲ್ಲಾ ಮ್ಯೂರ್ ಅವರ ಪಾಡು ಬೇರೆ. ಕಾದಂಬರಿಗಾರ್ತಿಯಾಗಿದ್ದ ಅವರು, ಪತಿ ಕವಿ ಎಡ್ವಿನ್ ಮ್ಯೂರ್ ಅವರೊಡನೆ ಸೇರಿ ಜರ್ಮನ್ ಭಾಷೆಯಲ್ಲಿ ಬರೆದ ಲೇಖಕ ಕಾಫ್ಕಾನ ಕೃತಿಗಳನ್ನು ಇಂಗ್ಲಿಷಿಗೆ ತಂದರು. ಅನುವಾದದ ಹೆಚ್ಚಿನ ಭಾರ ತಮ್ಮದೇ ಆಗಿತ್ತೆಂಬುದನ್ನು ವಿಲ್ಲಾ ತಮ್ಮ ದಿನಚರಿಯಲ್ಲಿ ಬರೆದಿಟ್ಟರು. ಆದರೆ ಲೋಕದ ಪ್ರಶಂಸೆಯ ಹೆಚ್ಚಿನ ಪಾಲು ಪತಿಗೆ ಸಂದಿತು.

ಇನ್ನು ನ್ಯಾನ್ ಶೆಪರ್ಡ್ ಅವರು ಅಬರ್ಡೀನ್ ನಗರದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕಿ. 1928ರಿಂದ 1933ರವರೆಗೆ ಮೂರು ಕಾದಂಬರಿಗಳನ್ನು ಹೊರತಂದರು. ಬಿಡುವು ದೊರೆತಾಗಲೆಲ್ಲ ಕೆರ್ನ್‌ಗಾರ್ಮ್ ಪರ್ವತಗಳಲ್ಲಿ ನಡೆದಾಡುತ್ತಿದ್ದರು. ಅವರಿಗೆ ಶಿಖರವನ್ನು ಗೆಲ್ಲುವ ಹಂಬಲವಿರಲಿಲ್ಲ. ಅಲ್ಲಿನ ನೀರು, ಹಿಮ, ಗಾಳಿ, ಗಿಡಗಳನ್ನು ಬಲ್ಲವರಾಗುವ ಹಂಬಲವಿತ್ತು. ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಈ ಅನುಭವವನ್ನು 'ದಿ ಲಿವಿಂಗ್ ಮೌಂಟನ್', ಅಂದರೆ 'ಜೀವಂತ ಪರ್ವತ' ಎಂಬ ಪುಟ್ಟ ಗ್ರಂಥವಾಗಿ ಬರೆದರು. ಪ್ರಕಾಶಕರು ದೊರೆಯಲಿಲ್ಲ. ಹಸ್ತಪ್ರತಿಯು ಸುಮಾರು ಮೂವತ್ತು ವರ್ಷಗಳ ಕಾಲ ಮೇಜಿನ ಸೆಳೆಖಾನೆಯಲ್ಲಿಯೇ ಉಳಿಯಿತು. 1977ರಲ್ಲಿ ಅದು ಅಚ್ಚಾದಾಗ ಲೇಖಕಿಗೆ ಎಂಬತ್ತನಾಲ್ಕರ ವಯಸ್ಸು. ಇಂದು ಆ ಗ್ರಂಥ ಲೋಕಪ್ರಿಯವಾಗಿದೆ. 2016ರಲ್ಲಿ ಸ್ಕಾಟ್ಲೆಂಡಿನ ಬ್ಯಾಂಕೊಂದು ಹೊರಡಿಸಿದ ಐದು ಪೌಂಡಿನ ನೋಟಿನಲ್ಲಿ ಶೆಪರ್ಡ್ ಅವರ ಚಿತ್ರ ಮುದ್ರಿತವಾಯಿತು. ಆದರೆ ಅದನ್ನು ಕಾಣಲು ಅವರಿರಲಿಲ್ಲ. 1981ರಲ್ಲಿಯೇ ಅವರು ತೀರಿಕೊಂಡಿದ್ದರು.

ಗ್ರಂಥವಾದರೆ ಸೆಳೆಖಾನೆಯಲ್ಲಾದರೂ ಕಾದಿರಬಹುದು. ನಾಟಕದ ಗತಿಯೇನು? ಈನಾ ಲಾಮಾಂಟ್ ಸ್ಟುವರ್ಟ್ ಅವರು 1912ರಲ್ಲಿ ಗ್ಲಾಸ್ಗೋದಲ್ಲಿ ಹುಟ್ಟಿದವರು. ಮಕ್ಕಳ ಆಸ್ಪತ್ರೆಯಲ್ಲಿ ಕೆಲಸಮಾಡುತ್ತಿದ್ದಾಗ ಬಡವರ ಬವಣೆಯನ್ನು ಹತ್ತಿರದಿಂದ ಕಂಡಿದ್ದರು. ಆದರೆ ಅಂದಿನ ರಂಗಭೂಮಿಯ ಮೇಲೆ ಕಾಣುತ್ತಿದ್ದುದು ಸಿರಿವಂತರ ದಿವಾನಖಾನೆಗಳು, ಬೆಡಗಿನ ಉಡುಪುಗಳು. ಇದನ್ನು ಕಂಡು ರೋಸಿದ ಸ್ಟುವರ್ಟ್ ತಾವೇ ನಾಟಕ ಬರೆಯಲು ಕುಳಿತರು. ಅವರ 'ಮೆನ್ ಷುಡ್ ವೀಪ್' ಎಂಬ ನಾಟಕವನ್ನು ಗ್ಲಾಸ್ಗೋ ಯೂನಿಟಿ ಥಿಯೇಟರ್ ಎಂಬ ತಂಡವು 1947ರಲ್ಲಿ ಆಡಿತು. 'ಗಂಡಸರು ಅಳಬೇಕು' ಎಂಬುದು ಆ ಹೆಸರಿನ ಅರ್ಥ.

1930ರ ದಶಕದ ಆರ್ಥಿಕ ಮುಗ್ಗಟ್ಟಿನ ಕಾಲ. ಗ್ಲಾಸ್ಗೋವಿನ ಬಡ ಬಡಾವಣೆಯ ಇಕ್ಕಟ್ಟಾದ ಮನೆ. ಮ್ಯಾಗಿ ಮಾರಿಸನ್ ಎಂಬ ತಾಯಿ, ಕೆಲಸವಿಲ್ಲದ ಗಂಡ ಜಾನ್, ಮುದಿ ಅತ್ತೆ, ಮಕ್ಕಳು. ಚಿಕ್ಕ ಮಗ ಬರ್ಟಿಗೆ ಕ್ಷಯರೋಗ. ಅವನು ಆಸ್ಪತ್ರೆಯಿಂದ ಮರಳಬೇಕಾದರೆ ತೇವವಿಲ್ಲದ ಬೇರೆ ಮನೆ ಬೇಕು, ಅದಕ್ಕೆ ಹಣವಿಲ್ಲ. ಕಡೆಯ ಅಂಕದಲ್ಲಿ, ಜಗಳವಾಡಿ ಮನೆಬಿಟ್ಟು ಹೋಗಿದ್ದ ಮಗಳು ಜೆನ್ನಿ ಹಣದೊಡನೆ ಬರುತ್ತಾಳೆ. ಅವಳು ಬದುಕುತ್ತಿರುವ ರೀತಿಯನ್ನು ಒಪ್ಪದ ತಂದೆ ಆ ಹಣ ಬೇಡವೆಂದು ಅಬ್ಬರಿಸುತ್ತಾನೆ. ಗಂಡನ ಮಾನ ಮೇಲೋ, ಮಗುವಿನ ಪ್ರಾಣ ಮೇಲೋ? ಅಲ್ಲಿಯವರೆಗೆ ಎಲ್ಲವನ್ನೂ ಸಹಿಸಿದ್ದ ಮ್ಯಾಗಿ ಆಗ ಗಂಡನಿಗೆ ಎದುರಾಗಿ ನಿಲ್ಲುತ್ತಾಳೆ. ಹಣವನ್ನು ಬಿಡುವುದಿಲ್ಲ.

ನಾಟಕವು ಮೊದಲು ಘೋರ ದುರಂತದಲ್ಲಿ ಮುಗಿಯುತ್ತಿತ್ತು. ಇಲ್ಲಿ ಹೇಳಿದ ಮುಕ್ತಾಯವು ಲೇಖಕಿ ಮುಂದೆ ತಿದ್ದಿ ಬರೆದದ್ದು. ನಾಟಕವನ್ನು ಆಡಿದ ತಂಡವು 1950ರ ದಶಕದ ಆರಂಭದಲ್ಲಿ ಮುಚ್ಚಿಹೋಯಿತು. ಅದರೊಡನೆ ನಾಟಕವೂ ಮರೆಯಾಯಿತು. ಸ್ಟುವರ್ಟ್ ಗ್ರಂಥಾಲಯವೊಂದರಲ್ಲಿ ದುಡಿದು ಜೀವನ ಸಾಗಿಸಿದರು. 1982ರಲ್ಲಿ 7:84 ಎಂಬ ವಿಲಕ್ಷಣ ಹೆಸರಿನ ತಂಡವು ಈ ನಾಟಕವನ್ನು ಮತ್ತೆ ರಂಗಕ್ಕೆ ತಂದಿತು. ಬ್ರಿಟನ್ನಿನ ಶೇಕಡಾ 7 ಜನರ ಕೈಯಲ್ಲಿ ಶೇಕಡಾ 84ರಷ್ಟು ಸಂಪತ್ತಿದೆಯೆಂಬ ಅಂದಿನ ಲೆಕ್ಕವೊಂದರಿಂದ ಬಂದ ಹೆಸರದು. ಮೂವತ್ತೈದು ವರ್ಷಗಳ ಹಿಂದಿನ ನಾಟಕಕ್ಕೆ ಅಪಾರ ಮನ್ನಣೆ ದೊರೆಯಿತು. ಆಗ ಲೇಖಕಿಗೆ ಎಪ್ಪತ್ತು ವರ್ಷ. ಅವರು 2006ರಲ್ಲಿ ನಿಧನರಾದರು. 2010ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರ್ ಈ ನಾಟಕವನ್ನು ಪ್ರದರ್ಶಿಸಿತು.

ಈ ಕೃತಿಗಳು ತಾವಾಗಿಯೇ ಮರಳಿ ಬರಲಿಲ್ಲ. ಹಳೆಯ ಪ್ರತಿಗಳನ್ನು ಹುಡುಕಿ ಓದಿದ ವಿದ್ವಾಂಸರು, ಧೈರ್ಯದಿಂದ ಮರುಮುದ್ರಿಸಿದ ಪ್ರಕಾಶಕರು, ಹಳೆಯ ನಾಟಕವನ್ನು ನಂಬಿದ ನಟರು ಇದಕ್ಕೆ ಕಾರಣ. 1973ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ವಿರಾಗೋ ಸಂಸ್ಥೆ ಮರೆತುಹೋದ ಲೇಖಕಿಯರ ಗ್ರಂಥಗಳನ್ನು ಹೊರತಂದಿತು. ಎಡಿನ್‌ಬರೋ ನಗರದ ಕ್ಯಾನನ್‌ಗೇಟ್ ಪ್ರಕಾಶನವು 1987ರಿಂದ ಸ್ಕಾಟ್ಲೆಂಡಿನ ಹಳೆಯ ಕೃತಿಗಳ ಮಾಲೆಯನ್ನೇ ಪ್ರಕಟಿಸಿತು. ವಿಲ್ಲಾ ಮತ್ತು ಶೆಪರ್ಡ್ ಅವರ ಕಾದಂಬರಿಗಳು ಅದರಲ್ಲಿ ಮತ್ತೆ ಅಚ್ಚಾದವು.

ಮರೆತುಹೋದುದೆಲ್ಲ ಕಳಪೆಯಲ್ಲ. ಅಡುಗೆಮನೆಯ ಕಷ್ಟ, ತಾಯಿಯ ಚಿಂತೆ ಇವು ಸಾಹಿತ್ಯಕ್ಕೆ ಸಣ್ಣ ವಸ್ತುಗಳೆಂದು ಒಂದು ಕಾಲ ಬಗೆದಿತ್ತು. ಆ ತೀರ್ಪನ್ನು ಮುಂದಿನ ಕಾಲ ತಿದ್ದಿತು. ಆದರೆ ಹಾಗೆ ತಿದ್ದಲು ಯಾರಾದರೊಬ್ಬರು ಧೂಳು ಕೊಡವಿ ಪುಸ್ತಕವನ್ನು ತೆರೆಯಬೇಕಾಯಿತು. ಗ್ರಂಥಾಲಯಕ್ಕೆ ಹೋದಾಗ ಯಾರೂ ಮುಟ್ಟದ ಮೂಲೆಯ ಪುಸ್ತಕವೊಂದನ್ನು ನೀವೂ ಕೈಗೆತ್ತಿಕೊಂಡು ಓದಿರಿ.

ಅಭ್ಯಾಸ

1. ಮುದ್ರಿತ ಗ್ರಂಥಗಳು ಮರೆಯಾಗಲು ಕಾರಣಗಳೇನು?
2. 'ಜೀವಂತ ಪರ್ವತ' ಬೆಳಕು ಕಂಡ ಬಗೆಯನ್ನು ವಿವರಿಸಿರಿ.
3. ಮ್ಯಾಗಿಯ ನಿರ್ಧಾರ ಸರಿಯೆ? ಕಾರಣಸಹಿತ ಬರೆಯಿರಿ.