ಅಮೆರಿಕದ ವಿದ್ಯಾರ್ಥಿ ಜೀವನದಲ್ಲಿ ಅರೆಕಾಲಿಕ ದುಡಿಮೆ

ದುಡಿದು ಓದುವುದು ನಮ್ಮ ನಾಡಿಗೆ ಹೊಸತಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವ್ಯಾಸಂಗ ಮಾಡುತ್ತಿದ್ದಾಗ ಮನೆಪಾಠ ಹೇಳಿ ತಮ್ಮ ಖರ್ಚನ್ನು ತೂಗಿಸಿಕೊಂಡು 1881ರಲ್ಲಿ ಬಿ.ಎ. ಪದವಿ ಪಡೆದರು. ಕಡಲಾಚೆಯ ನಿದರ್ಶನ ಬೇಕೆಂದರೆ ಜಯಪ್ರಕಾಶ ನಾರಾಯಣರದು ಮೊದಲು ನೆನಪಿಗೆ ಬರುತ್ತದೆ. 1922ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯವನ್ನು ತಲುಪಿದ ಅವರಿಗೆ ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ಪ್ರವೇಶ ದೊರೆತದ್ದು 1923ರ ಜನವರಿಯಲ್ಲಿ. ನಡುವಣ ತಿಂಗಳುಗಳನ್ನು ಅವರು ವ್ಯರ್ಥವಾಗಿ ಕಳೆಯಲಿಲ್ಲ. ತೋಟಗಳಲ್ಲಿ ದ್ರಾಕ್ಷಿ ಕೊಯ್ದರು, ಕೊಯ್ದುದನ್ನು ಬಿಸಿಲಿಗೆ ಹರಡಿ ಒಣಗಿಸಿದರು. ಅಮೆರಿಕದಲ್ಲಿದ್ದ ಅವಧಿಯಲ್ಲಿ ಅವರು ಹಣ್ಣುಗಳನ್ನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ದುಡಿದದ್ದೂ ಉಂಟು, ಊಟದ ಮನೆಗಳಲ್ಲಿ ಮುಸುರೆ ತೊಳೆದದ್ದೂ ಉಂಟು, ಮೋಟಾರು ಗ್ಯಾರೇಜು ಮತ್ತು ಕಸಾಯಿಖಾನೆಗಳಲ್ಲಿ ಕೂಲಿ ಮಾಡಿದ್ದೂ ಉಂಟು. ಬರ್ಕ್ಲಿಯಲ್ಲಿ ಶುಲ್ಕ ದುಪ್ಪಟ್ಟಾದಾಗ ಅಯೋವಕ್ಕೆ ಹೋದರು. ಮುಂದೆ ವಿಸ್ಕಾನ್ಸಿನ್ ಮತ್ತು ಒಹಾಯೊ ವಿಶ್ವವಿದ್ಯಾಲಯಗಳಲ್ಲಿ ಓದು ಮುಂದುವರಿಸಿ 1929ರಲ್ಲಿ ಸ್ವದೇಶಕ್ಕೆ ಮರಳಿದರು.

ಈ ಕಥೆಯನ್ನು ಕೇಳಿ ಉತ್ಸಾಹಗೊಳ್ಳದ ತರುಣನಿಲ್ಲ. ಆದರೆ ಇಂದು ಅಮೆರಿಕಕ್ಕೆ ಹೊರಟ ವಿದ್ಯಾರ್ಥಿಯು ಇದನ್ನು ತನ್ನ ಆಯವ್ಯಯ ಪತ್ರಿಕೆಯನ್ನಾಗಿ ಮಾಡಿಕೊಂಡರೆ ಕೆಟ್ಟಂತೆಯೇ ಸರಿ. ಎಫ್-1 ಎಂಬ ವಿದ್ಯಾರ್ಥಿ ವೀಸಾ ಪಡೆದವನು ತರಗತಿಗಳು ಆರಂಭವಾಗುವುದಕ್ಕೆ ಮೂವತ್ತು ದಿನಗಳಿಗಿಂತ ಮುಂಚೆ ಆ ದೇಶವನ್ನು ಪ್ರವೇಶಿಸುವಂತಿಲ್ಲ. ಮೊದಲು ಕೆಲವು ತಿಂಗಳು ದುಡಿದು ಬಳಿಕ ಓದಿಗೆ ಕೂಡುವ ಮಾತು ಅಲ್ಲಿಗೆ ಮುಗಿಯಿತು. ಪ್ರತಿಯೊಂದು ಶೈಕ್ಷಣಿಕ ಅವಧಿಯಲ್ಲಿಯೂ ಅವನು ಪೂರ್ಣಪ್ರಮಾಣದ ಪಠ್ಯವಿಷಯಗಳನ್ನು ತೆಗೆದುಕೊಂಡಿರಬೇಕು. ಹಣ ಸಾಲದೆಂದು ಒಂದು ಅವಧಿ ಓದು ನಿಲ್ಲಿಸಿ ಸಂಪಾದಿಸುವಂತೆಯೂ ಇಲ್ಲ. ಇಂದಿನ ವ್ಯವಸ್ಥೆಯಲ್ಲಿ ಓದೇ ಮುಖ್ಯ, ದುಡಿಮೆ ಅದರ ಸಂದಿನಲ್ಲಿ ಹಿಡಿಸುವಷ್ಟು ಮಾತ್ರ.

ಆ ಸಂದಿನ ಅಳತೆ ವಾರಕ್ಕೆ ಇಪ್ಪತ್ತು ಗಂಟೆ. ತರಗತಿಗಳು ನಡೆಯುವ ಕಾಲದಲ್ಲಿ ವಿಶ್ವವಿದ್ಯಾಲಯದ ಆವರಣದೊಳಗೆ ಅಷ್ಟು ಹೊತ್ತು ದುಡಿಯಲು ಅವಕಾಶವಿದೆ. ರಜೆಗಳಲ್ಲಿ ಪೂರ್ಣಕಾಲ ದುಡಿಯಬಹುದು. ಎರಡು ಕಡೆ ಕೆಲಸ ಮಾಡಿದರೂ ಒಟ್ಟು ಇಪ್ಪತ್ತೇ. ಆವರಣವೆಂದರೆ ವಿಶ್ವವಿದ್ಯಾಲಯವೇ ಸಂಬಳ ಕೊಡುವ ಕೆಲಸವಷ್ಟೇ ಅಲ್ಲ. ಆವರಣದೊಳಗೆ ವಿದ್ಯಾರ್ಥಿಗಳಿಗಾಗಿಯೇ ನಡೆಯುವ ಪುಸ್ತಕದ ಅಂಗಡಿ, ಗುತ್ತಿಗೆದಾರರ ಊಟದ ಮನೆ ಮೊದಲಾದುವೂ ಇದರಲ್ಲಿ ಸೇರುತ್ತವೆ. ಆವರಣದ ಹೊರಗಿನ ದುಡಿಮೆ ಮೊದಲ ಶೈಕ್ಷಣಿಕ ವರ್ಷದಲ್ಲಿ ಸಾಮಾನ್ಯವಾಗಿ ನಿಷಿದ್ಧ. ಅಮೆರಿಕದ ಬಡ ವಿದ್ಯಾರ್ಥಿಗಳಿಗೆ ಅಲ್ಲಿಯ ಕೇಂದ್ರ ಸರ್ಕಾರವು ಕೆಲಸದ ಮೂಲಕ ನೀಡುವ ನೆರವು ಪರದೇಶದವರಿಗೆ ದೊರೆಯದು. ಪತಿ ಅಥವಾ ಪತ್ನಿ ಎಫ್-2 ವೀಸಾದ ಮೇಲೆ ಜೊತೆಗಿದ್ದರೆ ಅವರು ದುಡಿಯುವಂತೆಯೇ ಇಲ್ಲ.

ಇನ್ನು ಲೆಕ್ಕ. ಅಮೆರಿಕದ ಕೇಂದ್ರ ಸರ್ಕಾರ ಗೊತ್ತುಪಡಿಸಿದ ಕನಿಷ್ಠ ಕೂಲಿ 2009ರಿಂದಲೂ ಗಂಟೆಗೆ 7.25 ಡಾಲರ್. ಅನೇಕ ರಾಜ್ಯಗಳು ಇದಕ್ಕಿಂತ ಹೆಚ್ಚು ಕೊಡಿಸುತ್ತವೆ. ಕ್ಯಾಲಿಫೋರ್ನಿಯದಲ್ಲಿ 2025ರಲ್ಲಿ ಅದು 16.50 ಡಾಲರ್ ಇತ್ತು. ಉದಾರವಾಗಿಯೇ ಗಂಟೆಗೆ 15 ಡಾಲರ್ ಎಂದು ಹಿಡಿಯೋಣ. ವಾರಕ್ಕೆ 20 ಗಂಟೆಯಂತೆ 300 ಡಾಲರ್. ಎರಡು ಅವಧಿಗಳ ಸುಮಾರು 30 ವಾರಗಳಿಗೆ 9,000 ಡಾಲರ್. ಕಡಿಮೆ ಕೂಲಿಯ ರಾಜ್ಯದಲ್ಲಿ ಕನಿಷ್ಠ ದರದಂತೆ ಅದೇ ದುಡಿಮೆಗೆ ದೊರೆಯುವುದು 4,350 ಡಾಲರ್. ವರ್ಷದ ಶುಲ್ಕ 30,000 ಡಾಲರ್ ಇರುವ ಕಡೆ ಈ ಹಣದಿಂದ ಶುಲ್ಕ ಕಟ್ಟುವೆನೆಂದು ಹೊರಡುವುದು ಬೊಗಸೆಯಿಂದ ಕೆರೆ ತುಂಬಿಸಹೊರಟಂತೆ. ಅಕ್ಕಿ, ಬೇಳೆ, ಕೋಣೆಯ ಬಾಡಿಗೆಯ ಒಂದು ಪಾಲು, ಪುಸ್ತಕ ಇವುಗಳಿಗೆ ಅದು ನೆರವಾದೀತು. ಆ ನೆರವು ಸಣ್ಣದೇನೂ ಅಲ್ಲ. ವೀಸಾ ಕೊಡುವವರೂ ಇದನ್ನು ಬಲ್ಲರು. ಆದಕಾರಣವೇ ಮೊದಲ ವರ್ಷದ ವೆಚ್ಚಕ್ಕೆ ಆಧಾರ ತೋರಿಸುವಾಗ ‘ಅಲ್ಲಿ ಹೋಗಿ ಸಂಪಾದಿಸುವೆ’ ಎಂಬ ಮಾತನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ.

ತಂದೆ ಹೊಲವನ್ನು ಬ್ಯಾಂಕಿಗೆ ಅಡವಿಟ್ಟು ಸಾಲ ಪಡೆದು ಕಳುಹಿಸಿದ ಹುಡುಗನ ಮನಸ್ಸಿನಲ್ಲಿ ಈ ಲೆಕ್ಕ ಬೇರೆಯ ರೂಪ ತಾಳುತ್ತದೆ. ಊರಿನಿಂದ ಬರುವ ಪ್ರತಿಯೊಂದು ಫೋನ್ ಕರೆಯೂ ಅವನಿಗೆ ಬಡ್ಡಿಯನ್ನು ನೆನಪಿಸುತ್ತದೆ. ಆಗ ಯಾರೋ ಒಬ್ಬರು ಬಂದು, ಹೆದ್ದಾರಿಯ ಪೆಟ್ರೋಲ್ ಬಂಕಿನಲ್ಲಿಯೋ ಹೋಟೆಲಿನ ಅಡುಗೆಮನೆಯಲ್ಲಿಯೋ ರಾತ್ರಿಪಾಳಿ ಇದೆ, ಕಾಗದಪತ್ರ ಏನೂ ಬೇಡ, ಹಣ ಕೈಗೇ ಕೊಡುತ್ತಾರೆ ಎಂದು ಹೇಳುತ್ತಾರೆ. ಹೇಳುವವರು ಬಹುತೇಕ ನಮ್ಮ ದೇಶದವರೇ, ಮತ್ತು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ ಎಂಬುದು ಇಲ್ಲಿಯ ವಿಷಾದ. ಅನುಮತಿಯಿಲ್ಲದ ದುಡಿಮೆಯಿಂದ ವಿದ್ಯಾರ್ಥಿಸ್ಥಾನವೇ ಕಳೆದುಹೋಗುತ್ತದೆ. ಬೇರೆ ಕಾರಣಗಳಿಂದ ಸ್ಥಾನ ಕಳೆದುಕೊಂಡವರು ಅದನ್ನು ಮರಳಿ ಕೊಡಿರೆಂದು ಅರ್ಜಿ ಹಾಕಬಹುದು. ಆದರೆ ಅನುಮತಿಯಿಲ್ಲದೆ ದುಡಿದವನಿಗೆ ನಿಯಮವು ಆ ದಾರಿಯನ್ನೂ ಮುಚ್ಚಿದೆ. ಸಂಬಳದ ಬದಲು ಊಟ ವಸತಿ ಪಡೆದೆ, ಅದು ಕೆಲಸವಲ್ಲ ಎಂದು ವಾದಿಸುವಂತಿಲ್ಲ. ದುಡಿಮೆಗೆ ಪ್ರತಿಯಾಗಿ ಪಡೆದ ಊಟ ವಸತಿಗಳೂ ಕೂಲಿಯೆಂದೇ ಪರಿಗಣಿತವಾಗುತ್ತವೆ. ಮಾಲೀಕನು ಕೂಲಿ ಕೊಡದೆ ಸತಾಯಿಸಿದರೆ ದೂರು ಕೊಡುವ ಧೈರ್ಯವೂ ಇಂಥ ಹುಡುಗನಿಗೆ ಉಳಿದಿರುವುದಿಲ್ಲ. ಅವನ ಪದವಿ ಅರ್ಧಕ್ಕೆ ನಿಲ್ಲುತ್ತದೆ. ಹೊಲದ ಮೇಲಿನ ಸಾಲ ಮಾತ್ರ ನಿಲ್ಲುವುದಿಲ್ಲ.

ಹಾಗಾದರೆ ನ್ಯಾಯವಾದ ಕೆಲಸ ದೊರೆಯುವುದೆಲ್ಲಿ? ಮೊದಲನೆಯದಾಗಿ ವಿದ್ಯಾರ್ಥಿಗಳ ಊಟದ ಮನೆಗಳಲ್ಲಿ. ಅಲ್ಲಿ ತಟ್ಟೆ ತೊಳೆಯುವ, ಬಡಿಸುವ, ಮೇಜು ಒರೆಸುವ ಕೆಲಸಗಳಿಗೆ ಜನ ಯಾವಾಗಲೂ ಬೇಕು. ಮನೆಯಲ್ಲಿ ಉಂಡ ತಟ್ಟೆಯನ್ನೂ ಎತ್ತದೆ ಬೆಳೆದ ಹುಡುಗನಿಗೆ ಮೊದಲ ವಾರ ಕಣ್ಣೀರು ಬರುವುದುಂಟು. ಆದರೆ ಆ ದೇಶದಲ್ಲಿ ಪ್ರಾಧ್ಯಾಪಕರ ಮಕ್ಕಳೂ ಅದೇ ತೊಟ್ಟಿಯ ಬಳಿ ನಿಂತು ತೊಳೆಯುವುದನ್ನು ಕಂಡಾಗ ಆ ಸಂಕೋಚ ಬೇಗ ಕರಗುತ್ತದೆ. ಗ್ರಂಥಾಲಯದ ಮೇಜು, ಕಂಪ್ಯೂಟರ್ ಕೊಠಡಿ, ವ್ಯಾಯಾಮಶಾಲೆ, ಅಂಚೆಯ ಕೋಣೆ, ಹಿಂದುಳಿದವರಿಗೆ ಪಾಠ ಹೇಳಿಕೊಡುವ ಕೇಂದ್ರ, ಉತ್ತರಪತ್ರಿಕೆ ತಿದ್ದುವುದು, ಇವೆಲ್ಲ ತುಸು ನಿಧಾನವಾಗಿ ದೊರೆಯುವಂಥವು. ಖಾಲಿಯಿರುವ ಕೆಲಸಗಳ ಪಟ್ಟಿಯನ್ನು ವಿಶ್ವವಿದ್ಯಾಲಯವೇ ಅಂತರ್ಜಾಲದಲ್ಲಿ ಪ್ರಕಟಿಸುತ್ತದೆ. ಅರ್ಜಿ ಕಳುಹಿಸಿ ಕಾಯುತ್ತ ಕುಳಿತವನಿಗಿಂತ, ಆಗಸ್ಟಿನಲ್ಲಿ ತರಗತಿ ತೆರೆಯುವ ಮೊದಲೇ ಊಟದ ಮನೆಯ ಮೇಲ್ವಿಚಾರಕರನ್ನು ಕಂಡು ತನ್ನ ಬಿಡುವಿನ ವೇಳೆಯನ್ನು ಬರೆದುಕೊಟ್ಟವನಿಗೆ ಕೆಲಸ ಬೇಗ ಸಿಗುತ್ತದೆ.

ಕೆಲಸದ ಭರವಸೆಯ ಪತ್ರ ಕೈಸೇರಿದ ಮೇಲೆ ವಿದೇಶಿ ವಿದ್ಯಾರ್ಥಿಗಳ ಕಚೇರಿಯ ಅಧಿಕಾರಿಯಿಂದ ಇನ್ನೊಂದು ಪತ್ರ ಪಡೆದು ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಗೆ ಅರ್ಜಿ ಹಾಕಬೇಕು. ಮೊದಲ ಸಂಬಳ ಕೈಗೆ ಬರುವ ಹೊತ್ತಿಗೆ ಒಂದೆರಡು ತಿಂಗಳು ಕಳೆದಿರುತ್ತವೆ. ದಾನಿಗಳು ಬೀಳ್ಕೊಡುವ ದಿನ ಶಾಲು ಹೊದಿಸಿ ಸನ್ಮಾನಿಸುವುದಕ್ಕಿಂತ ಈ ಎರಡು ತಿಂಗಳ ಊಟ ಬಾಡಿಗೆಗಳಿಗೆ ನೆರವಾದರೆ ಅದು ಹೆಚ್ಚಿನ ಉಪಕಾರ. ರಾತ್ರಿಪಾಳಿಯ ಆಮಿಷ ಹುಡುಗನನ್ನು ಬಲವಾಗಿ ಸೆಳೆಯುವುದೂ ಈ ಕಾಲದಲ್ಲಿಯೇ.

ಶುಲ್ಕದ ಭಾರವನ್ನೇ ಇಳಿಸಬಲ್ಲ ದುಡಿಮೆ ಒಂದುಂಟು: ಬೋಧನ ಸಹಾಯಕ ಮತ್ತು ಸಂಶೋಧನ ಸಹಾಯಕ ಹುದ್ದೆಗಳು. ಇವುಗಳಲ್ಲಿ ಸಂಬಳದೊಡನೆ ಶುಲ್ಕದ ಪೂರ್ಣ ಅಥವಾ ಭಾಗಶಃ ವಿನಾಯಿತಿಯೂ ಸಾಮಾನ್ಯವಾಗಿ ದೊರೆಯುತ್ತದೆ. ವಿಜ್ಞಾನ ವಿಷಯಗಳ ಪಿಎಚ್.ಡಿ. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಓದುವುದು ಹೀಗೆಯೇ, ಎಂ.ಎಸ್. ವಿದ್ಯಾರ್ಥಿಗಳಿಗೆ ಇವು ವಿರಳ. ಬೋಧನ ಸಹಾಯಕರಾಗುವವರು ಇಂಗ್ಲಿಷಿನಲ್ಲಿ ಮಾತನಾಡುವ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂದು ಅನೇಕ ವಿಶ್ವವಿದ್ಯಾಲಯಗಳು ವಿಧಿಸಿವೆ. ಪ್ರೌಢಶಾಲೆಯ ಉಪಾಧ್ಯಾಯರು ವಾರಕ್ಕೊಮ್ಮೆಯಾದರೂ ಮಕ್ಕಳನ್ನು ಕರಿಹಲಗೆಯ ಮುಂದೆ ನಿಲ್ಲಿಸಿ ಮಾತನಾಡಿಸಿದರೆ, ಅದರ ಫಲ ಹತ್ತು ವರ್ಷಗಳ ಬಳಿಕ ಯಾವುದೋ ದೂರದ ಊರಿನಲ್ಲಿ ಕಾಣಿಸಿಕೊಳ್ಳಬಹುದು.

ಒಂದು ಶೈಕ್ಷಣಿಕ ವರ್ಷ ಕಳೆದ ಮೇಲೆ ಆವರಣದ ಹೊರಗೂ ಕೆಲವು ಬಾಗಿಲುಗಳು ತೆರೆಯುತ್ತವೆ. ಪಠ್ಯಕ್ರಮದ ಅಂಗವಾದ ಪ್ರಾಯೋಗಿಕ ತರಬೇತಿ ಒಂದು. ಇದನ್ನು ಪೂರ್ಣಕಾಲಿಕವಾಗಿ ಹನ್ನೆರಡು ತಿಂಗಳು ಪಡೆದವನು ಅದೇ ಮಟ್ಟದ ಪದವಿಯ ಅನಂತರದ ತರಬೇತಿಯ ಹಕ್ಕನ್ನು ಕಳೆದುಕೊಳ್ಳುತ್ತಾನೆಂಬುದನ್ನು ಮರೆಯಲಾಗದು. ತೀವ್ರವಾದ ಆರ್ಥಿಕ ಸಂಕಟಕ್ಕಾಗಿ ಕೊಡುವ ಅನುಮತಿ ಮತ್ತೊಂದು. ನೆರವು ನೀಡುತ್ತಿದ್ದವರ ಸ್ಥಿತಿ ಅನಿರೀಕ್ಷಿತವಾಗಿ ಬದಲಾದರೆ, ಆಸ್ಪತ್ರೆಯ ಖರ್ಚು ಎದುರಾದರೆ, ಅಥವಾ ಸ್ವದೇಶದ ನಾಣ್ಯದ ಬೆಲೆ ವಿಪರೀತ ಕುಸಿದರೆ ಇದಕ್ಕೆ ಅರ್ಜಿ ಸಲ್ಲಿಸಬಹುದು. ಊರಿನಲ್ಲಿ ತಂದೆ ತೀರಿಕೊಂಡ ಸುದ್ದಿ ಬಂದಾಗ ಗುಟ್ಟಾಗಿ ಕೆಲಸ ಹುಡುಕುವ ಹುಡುಗನಿಗೆ ಇಂಥದೊಂದು ಅವಕಾಶವಿದೆಯೆಂದು ತಿಳಿಸುವವರು ಬೇಕು. ಅಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳಿಗೆ ಇದಕ್ಕಿಂತ ಸುಲಭವಾದ ಸೇವೆ ಇರಲಾರದು.

ತೆರಿಗೆಯ ವಿಷಯದಲ್ಲಿಯೂ ಅಜ್ಞಾನದಿಂದ ಹಣ ಕಳೆದುಕೊಳ್ಳುವವರುಂಟು. ಎಫ್-1 ವಿದ್ಯಾರ್ಥಿಯ ಅನುಮತಿಯುಳ್ಳ ದುಡಿಮೆಯ ಮೇಲೆ ಸಾಮಾನ್ಯವಾಗಿ ಮೊದಲ ಐದು ವರ್ಷ ಸೋಷಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್ ಹೆಸರಿನ ಕಡಿತವಿಲ್ಲ, ನೂರಕ್ಕೆ 7.65ರಷ್ಟಾಗುವ ಈ ಹಣವನ್ನು ತಪ್ಪಿ ಮುರಿದುಕೊಂಡಿದ್ದರೆ ಹಿಂದಕ್ಕೆ ಕೇಳಬಹುದು. ಆದಾಯ ತೆರಿಗೆಯಲ್ಲಿ, ಭಾರತದೊಡನೆ ಆಗಿರುವ ಒಪ್ಪಂದದ 21ನೆಯ ವಿಧಿಯಂತೆ, ಅಮೆರಿಕದ ನಿವಾಸಿಗಳಿಗಿರುವ ನಿಗದಿತ ಕಡಿತವು ಭಾರತೀಯ ವಿದ್ಯಾರ್ಥಿಗೂ ದೊರೆಯುತ್ತದೆ. ಸಂಬಳದ ಚೀಟಿಗಳನ್ನು ಮೊದಲ ತಿಂಗಳಿನಿಂದಲೇ ಜೋಪಾನವಾಗಿಟ್ಟವನಿಗೆ ಏಪ್ರಿಲ್ ತಿಂಗಳಲ್ಲಿ ಲೆಕ್ಕ ಒಪ್ಪಿಸುವುದು ಅರ್ಧ ದಿನದ ಕೆಲಸ.

ಉಳಿದದ್ದು ಬೇಸಿಗೆ ರಜೆ. ಪೂರ್ಣಕಾಲ ದುಡಿಯಲು ಅನುಮತಿಯಿರುವ ಆ ಮೂರು ತಿಂಗಳುಗಳಲ್ಲಿಯೇ ಆವರಣ ಬರಿದಾಗಿ, ಊಟದ ಮನೆಗಳಲ್ಲಿ ಅರೆವಾಸಿ ಮುಚ್ಚಿರುತ್ತವೆ. ಆಗ ದೊರೆಯುವುದು ಹೆಚ್ಚಾಗಿ ಪ್ರಯೋಗಾಲಯದ ಕೆಲಸ, ವಿದ್ಯಾರ್ಥಿನಿಲಯಗಳ ಕೋಣೆಗಳನ್ನು ಗುಡಿಸಿ ಸಾರಿಸಿ ಮುಂದಿನ ವರ್ಷಕ್ಕೆ ಅಣಿಗೊಳಿಸುವ ಕೆಲಸ. ಅವಕ್ಕಾಗಿ ಮೇ ತಿಂಗಳಲ್ಲಿ ಕೇಳಹೋದರೆ ತಡವಾಯಿತು. ಫೆಬ್ರವರಿಯ ಚಳಿಯಲ್ಲಿಯೇ ಬಾಗಿಲು ತಟ್ಟಿರಬೇಕು.