ಮಳೆಯ ಮನೆಯಲ್ಲಿ ನಾಲ್ಕು ದಿನ

ಮದುವೆಗೆಂದು, ಜಾತ್ರೆಗೆಂದು, ಕೋರ್ಟು ಕಚೇರಿಗೆಂದು ಊರು ಬಿಡುವವರನ್ನು ನಾವೆಲ್ಲರೂ ನೋಡಿದ್ದೇವೆ. ಮಳೆಯನ್ನು ನೋಡಿಬರಲೆಂದು ಊರು ಬಿಡುವವರು ಅಪರೂಪ. ಬಳ್ಳಾರಿಯ ಬಿಸಿಲಿನಲ್ಲಿ ಬೆಳೆದು, ಅಲ್ಲಿಯೇ ಮೂವತ್ತು ವರ್ಷ ಸೀಮೆಸುಣ್ಣ ಹಿಡಿದು ನಿವೃತ್ತನಾದ ನನಗೆ ಆ ಆಸೆ ಬಹಳ ಕಾಲದಿಂದ ಇತ್ತು. ನಮ್ಮ ಕಡೆ ಮೋಡವೆಂದರೆ ಬಿಂಕದ ಬೀಗರಿದ್ದಂತೆ. ದೂರದಿಂದಲೇ ಮುಖ ತೋರಿಸಿ, ಊಟಕ್ಕೆ ನಿಲ್ಲದೆ ಹೊರಟುಹೋಗುತ್ತದೆ. ಆದ್ದರಿಂದ ಒಂದು ಶ್ರಾವಣದಲ್ಲಿ, ನನ್ನಂತೆಯೇ ನಿವೃತ್ತರಾದ ಗಣಿತದ ಮೇಷ್ಟರೊಬ್ಬರನ್ನು ಜೊತೆ ಮಾಡಿಕೊಂಡು ಆಗುಂಬೆಗೆ ಹೋದೆ.

ಆಗುಂಬೆಯು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಪಶ್ಚಿಮ ಘಟ್ಟದ ಅಂಚಿನಲ್ಲಿರುವ ಚಿಕ್ಕ ಊರು. ಅರಬ್ಬೀ ಸಮುದ್ರದಿಂದ ಬೀಸಿಬರುವ ಮುಂಗಾರು ಗಾಳಿಗೆ ಈ ಘಟ್ಟ ಅಡ್ಡಗಟ್ಟಿ ನಿಲ್ಲುತ್ತದೆ. ಗಾಳಿ ಮೇಲೇರಿ ತಣ್ಣಗಾಗುತ್ತದೆ. ಹೊತ್ತು ತಂದ ನೀರನ್ನು ಅಲ್ಲಿಯೇ ಸುರಿಯುತ್ತದೆ. ಘಟ್ಟ ದಾಟಿ ನಮ್ಮ ಬಯಲುಸೀಮೆಗೆ ಬರುವ ವೇಳೆಗೆ ಅದರ ಕೈ ಬರಿದು. ಆಗುಂಬೆಯ ವಾರ್ಷಿಕ ಸರಾಸರಿ ಮಳೆ ಸುಮಾರು 7,600 ಮಿಲಿಮೀಟರ್. ಬಳ್ಳಾರಿಯದು ಸುಮಾರು 500. ಗಣಿತದ ಮೇಷ್ಟರು ಬಸ್ಸಿನಲ್ಲಿಯೇ ಭಾಗಿಸಿ, “ನಮ್ಮ ಹದಿನೈದು ವರ್ಷದ ಮಳೆ ಇವರಿಗೆ ಒಂದೇ ವರ್ಷಕ್ಕೆ ಸಾಲದು!” ಎಂದು ಉದ್ಗರಿಸಿದರು.

ಬಸ್ಸಿನಿಂದ ಇಳಿದ ಮರುಗಳಿಗೆಯಲ್ಲಿ ಗಾಳಿಗೆ ನಮ್ಮ ಎರಡು ಕೊಡೆಗಳೂ ಕಮಲದ ಹೂವಿನಂತೆ ಮೇಲ್ಮುಖವಾಗಿ ಅರಳಿದವು. ಆತಿಥೇಯರಾದ ಅಡಿಕೆ ಬೆಳೆಗಾರರು ನಗುತ್ತ, “ಕೊಡೆ ಪೇಟೆಯ ಮಳೆಗೆ ಸರಿ ಮಾರಾಯ್ರೆ, ನಮ್ಮ ಮಳೆಗೆ ಗೊರಬೇ ಆಗಬೇಕು” ಎಂದು ಎಲೆಯಿಂದ ಹೆಣೆದ ಎರಡು ಗೊರಬುಗಳನ್ನು ಕೊಟ್ಟರು. ತಲೆಯಿಂದ ಬೆನ್ನಿನ ಕೆಳಗಿನವರೆಗೆ ಮುಚ್ಚುವ ಅದನ್ನು ಹೊತ್ತಾಗ ಗಣಿತದ ಮೇಷ್ಟರು ಎದ್ದು ನಿಂತ ಆಮೆಯಂತೆ ಕಂಡರು. ನಾನು ಹೇಗೆ ಕಂಡೆನೋ ಅವರು ಹೇಳಲಿಲ್ಲ. ಬಹಳ ಹೊತ್ತು ನಕ್ಕರು.

ಆಗುಂಬೆ ಸೂರ್ಯಾಸ್ತಕ್ಕೆ ಪ್ರಸಿದ್ಧವಷ್ಟೆ. ಸಂಜೆಯಾದೊಡನೆ ನಾವು ಆ ಜಾಗಕ್ಕೆ ಹೋಗಿ ಭಕ್ತಿಯಿಂದ ಪಶ್ಚಿಮಕ್ಕೆ ಮುಖಮಾಡಿ ನಿಂತೆವು. ಎದುರಿಗೆ ಬಿಳಿಯ ಮಂಜಲ್ಲದೆ ಬೇರೇನೂ ಇಲ್ಲ. “ಸೂರ್ಯ ಮುಳುಗಿದನೇ?” ಎಂದು ಕೇಳಿದೆ. ಮೇಷ್ಟರು ಕೈಗಡಿಯಾರ ನೋಡಿ, “ಇದರ ಪ್ರಕಾರ ಮುಳುಗಿದ್ದಾನೆ” ಎಂದರು.

ಕಾಡಿನಲ್ಲಿ ನಮ್ಮನ್ನು ಮೊದಲು ಆದರಿಸಿದ್ದು ಇಂಬಳ. ಇದು ನೆಲದ ಮೇಲೆ ಬದುಕುವ ಜಿಗಣೆ. ಲೇವಾದೇವಿಗಾರ ಸಾಲ ಕೊಟ್ಟು ರಕ್ತ ಹೀರುತ್ತಾನೆ. ಇದು ಏನನ್ನೂ ಕೊಡದೆಯೇ ಹೀರುತ್ತದೆ. ಇದು ಕಚ್ಚಿದ್ದು ಅನೇಕ ವೇಳೆ ತಿಳಿಯುವುದೇ ಇಲ್ಲ. ಇದರ ಜೊಲ್ಲಿನಲ್ಲಿ ರಕ್ತವನ್ನು ಹೆಪ್ಪುಗಟ್ಟದಂತೆ ತಡೆಯುವ ಪದಾರ್ಥವಿರುವುದರಿಂದ, ಇದು ಬಿಟ್ಟುಹೋದ ಮೇಲೂ ರಕ್ತ ಸ್ವಲ್ಪ ಹೊತ್ತು ಜಿನುಗುತ್ತಲೇ ಇರುತ್ತದೆ. ಆತಿಥೇಯರು ಸುಣ್ಣ ತಗುಲಿಸಿದೊಡನೆ ಅದು ಉದುರಿಬಿತ್ತು.

ಮೂರನೆಯ ದಿನ ಅವರು ನಮ್ಮನ್ನು ತೀರ್ಥಹಳ್ಳಿಯ ಕಡೆಯ ಕಾಡಿಗೆ ಕರೆದೊಯ್ದರು. ತಲೆಯ ಮೇಲೆ ಮಳೆ ಆರ್ಭಟಿಸುತ್ತಿತ್ತು. ಕಾಲಡಿಯಲ್ಲಿ ಮಾತ್ರ ಆ ರಭಸವಿರಲಿಲ್ಲ. ಹನಿ ಎಲೆಗೆ ಬಡಿದು, ಕೊಂಬೆಗೆ ಇಳಿದು, ಕಾಂಡವನ್ನು ತಬ್ಬಿ, ನಿಧಾನವಾಗಿ ನೆಲ ಮುಟ್ಟುತ್ತಿತ್ತು. ತರಗೆಲೆಯ ಹಾಸು ಅದನ್ನು ಹೀರಿ ಬೇರುಗಳ ವಶಕ್ಕೆ ಒಪ್ಪಿಸುತ್ತಿತ್ತು. ಅಲ್ಲಿ ಹರಿಯುವ ಹಳ್ಳದ ನೀರು ತಿಳಿಯಾಗಿತ್ತು. ಸ್ವಲ್ಪ ದೂರದಲ್ಲಿ ಗುಡ್ಡವನ್ನು ಕಡಿದಿದ್ದ ಬರಿನೆಲದಿಂದ ಇನ್ನೊಂದು ತೊರೆ ಬಂದು ಇದನ್ನು ಕೂಡುತ್ತಿತ್ತು. ಅದು ಮಣ್ಣು ಕಲಸಿ ಕೆಂಪಾಗಿತ್ತು. ಒಂದೇ ಮಳೆ, ಒಂದೇ ಗುಡ್ಡ. ಬಣ್ಣ ಮಾತ್ರ ಎರಡು. ಆತಿಥೇಯರು ಆ ಕೂಡಲನ್ನು ತೋರಿಸಿ, “ಇದೆಲ್ಲ ನಿಮ್ಮ ಊರಿನ ಕಡೆಗೇ ಹೊರಟಿದೆ” ಎಂದರು.

ಅವರ ಮಾತು ನಿಜ. ಈ ಘಟ್ಟದ ಪಶ್ಚಿಮಕ್ಕೆ ಇಳಿದ ನೀರು ಸೀತಾನದಿಯಂತಹ ಹೊಳೆಗಳ ಮೂಲಕ ಬೇಗನೆ ಸಮುದ್ರ ಸೇರುತ್ತದೆ. ಪೂರ್ವಕ್ಕೆ ಇಳಿದದ್ದು ತುಂಗೆಯ ಪಾಲು. ತುಂಗೆ ಕೂಡಲಿಯಲ್ಲಿ ಭದ್ರೆಯನ್ನು ಕೂಡಿ, ಹೊಸಪೇಟೆಯ ಬಳಿ ಜಲಾಶಯವಾಗಿ ನಿಂತು, ಕಾಲುವೆಗಳಲ್ಲಿ ಹರಿದು ನಮ್ಮ ಬಯಲಿನ ಭತ್ತದ ಗದ್ದೆಗಳನ್ನು ಮುಟ್ಟುತ್ತಾಳೆ. 1953ರಲ್ಲಿ ನೀರು ನಿಲ್ಲಿಸಿದಾಗ ಆ ಜಲಾಶಯದ ಸಾಮರ್ಥ್ಯ ಸುಮಾರು 133 ಟಿ.ಎಂ.ಸಿ. ಇತ್ತು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಈಗ ಅದು ಸುಮಾರು 105ಕ್ಕೆ ಇಳಿದಿದೆ. ಉಳಿದ ಜಾಗವನ್ನು ಹೂಳು ಆಕ್ರಮಿಸಿಕೊಂಡಿದೆ. ನದಿಯ ದಾರಿಯುದ್ದಕ್ಕೂ ಹೊಲ, ಗಣಿ, ಬೋಳುಗುಡ್ಡಗಳಿಂದ ಕೊಚ್ಚಿಬಂದ ಮಣ್ಣು ಅದು. ಯಾವಾಗಲೂ ಲೆಕ್ಕಕ್ಕೆ ಸಿದ್ಧರಾದ ಮೇಷ್ಟರು ಈ ಕಳೆಯುವ ಲೆಕ್ಕವನ್ನು ಮಾಡಿ, ಮನೆ ತಲಪುವವರೆಗೆ ಮಾತಾಡಲಿಲ್ಲ.

ಕಾಡು ನೋಡಲು ಹೋದವರು ಹುಲಿಯನ್ನೋ ಜಲಪಾತವನ್ನೋ ಹುಡುಕುವುದು ಸಹಜ. ಆದರೆ ಅಲ್ಲಿ ಯಾರ ಕಣ್ಣಿಗೂ ಬೀಳದೆ ದೊಡ್ಡ ಕೆಲಸ ಮಾಡುತ್ತಿರುವುದು ಕೊಳೆಯುತ್ತಿರುವ ತರಗೆಲೆ. ಮಲೆನಾಡಿನಲ್ಲಿ ಒಂದು ಮರ ಉರುಳಿದರೆ ಬಯಲುಸೀಮೆಯವರಿಗೆ ಅದರ ಸದ್ದು ಕೇಳಿಸುವುದಿಲ್ಲ. ಕಾಲುವೆಯ ಕೊನೆಯ ಗದ್ದೆಗೆ ನೀರು ಮುಟ್ಟದ ವರ್ಷ ಕೇಳಿಸುತ್ತದೆ.

ಹೊರಡುವ ದಿನ ಆ ಮನೆಯ ಗೃಹಿಣಿ ನಮಗೆ ಹಲಸಿನ ಹಪ್ಪಳ ಕಟ್ಟಿಕೊಟ್ಟರು. ನಾಲ್ಕು ದಿನವಾದರೂ ಒಣಗದ ಬಟ್ಟೆಗಳನ್ನು ಒಲೆಯ ಮೇಲಿನ ಹಗ್ಗಕ್ಕೆ ಹರವುತ್ತ, “ನೀರನ್ನು ನಾವು ಕಳಿಸುತ್ತೇವೆ. ನಿಮ್ಮ ಬಿಸಿಲನ್ನು ಸ್ವಲ್ಪ ಈ ಕಡೆ ಕಳಿಸಿಕೊಡಿ” ಎಂದರು.

“ಅಗತ್ಯವಾಗಿ ತಾಯಿ, ಅದಕ್ಕೆ ಹೂಳಿನ ಭಯವಿಲ್ಲ” ಎಂದರು ಗಣಿತದ ಮೇಷ್ಟರು.