ಪೊಟ್ಟಣದ ತಿಂಡಿಯೂ ಹಸಿರು ಚುಕ್ಕೆಯೂ

ಹಾಲು, ಬೆಣ್ಣೆ, ತುಪ್ಪ, ಜೇನುಗಳನ್ನೂ ತ್ಯಜಿಸಿ, ಪ್ರಾಣಿಮೂಲದ ಯಾವುದನ್ನೂ ಸೇವಿಸದ ಆಹಾರಕ್ರಮಕ್ಕೆ ‘ವೀಗನ್’ ಎಂಬ ಹೆಸರು 1944ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿತು. ಮಜ್ಜಿಗೆಯಿಲ್ಲದೆ ಊಟ ಮುಗಿಯದ ನಾಡಿನಲ್ಲಿ ಈ ನಿಯಮ ಕಠಿಣವೇ ಸರಿ. ಆದರೂ ಮನೆಯಲ್ಲಿ ಇದನ್ನು ಪಾಲಿಸಬಹುದು. ಚಕ್ಕುಲಿಯ ಹಿಟ್ಟಿಗೆ ಬಿದ್ದದ್ದು ಬೆಣ್ಣೆಯೋ ಕಾಯಿಸಿದ ಎಣ್ಣೆಯೋ ಎಂಬುದನ್ನು ಕಲಸಿದವರು ಬಲ್ಲರು. ಅಂಗಡಿಯ ಪೊಟ್ಟಣದ ಸಂಗತಿ ಹಾಗಲ್ಲ.

ಹಸಿರು ಚೌಕದೊಳಗಿನ ಹಸಿರು ಚುಕ್ಕೆಯನ್ನು ಕಂಡೊಡನೆ ಹಲವರು ನಿಶ್ಚಿಂತರಾಗುತ್ತಾರೆ. ಎಡವುವುದು ಇಲ್ಲಿಯೇ. ಭಾರತದಲ್ಲಿ 2001ರಿಂದ ರೂಢಿಗೆ ಬಂದ ಈ ಗುರುತು ಮಾಂಸ, ಮೀನು, ಮೊಟ್ಟೆಗಳಿಲ್ಲವೆಂದು ಸಾರುತ್ತದೆಯೇ ಹೊರತು ಹಾಲಿಲ್ಲವೆಂದು ಹೇಳುವುದಿಲ್ಲ. ಹಾಲು, ಜೇನು, ಜೇನುಮೇಣ, ಅರಗು ಇವುಗಳನ್ನು ಮಾಂಸಾಹಾರದ ವ್ಯಾಖ್ಯೆಯಿಂದ ನಿಯಮವೇ ಹೊರಗಿಟ್ಟಿದೆ.

ಆದಕಾರಣ ಪೊಟ್ಟಣವನ್ನು ತಿರುಗಿಸಿ, ಹಿಂಬದಿಯ ಸಣ್ಣಕ್ಷರದ ಪದಾರ್ಥಗಳ ಪಟ್ಟಿಯನ್ನು ಓದತಕ್ಕದ್ದು. ಹೆಚ್ಚು ತೂಕದ ಪದಾರ್ಥ ಮೊದಲು, ಕಡಿಮೆಯದು ಕೊನೆಗೆ ಎಂಬುದು ಅದರ ಕ್ರಮ. ಹಾಲು ಅಲ್ಲಿ ತನ್ನ ಹೆಸರಿನಿಂದಲೇ ಕಾಣಬೇಕೆಂದಿಲ್ಲ. ಹಾಲೊಡಕಿನ ಪುಡಿ, ಲ್ಯಾಕ್ಟೋಸ್, ಕೇಸಿನೇಟ್ ಇವೆಲ್ಲ ಅದರ ವೇಷಾಂತರಗಳೇ. ಬರಿಯ ಉಪ್ಪಿನ ಆಲೂಗೆಡ್ಡೆ ಚಿಪ್ಸ್‌ನಲ್ಲಿ ಸಾಮಾನ್ಯವಾಗಿ ಆಲೂಗೆಡ್ಡೆ, ಎಣ್ಣೆ, ಉಪ್ಪು ಇಷ್ಟೇ ಇರುತ್ತವೆ. ಅದೇ ಚಿಪ್ಸ್‌ಗೆ ಈರುಳ್ಳಿ-ಕೆನೆಯ ರುಚಿ ಕೊಡಹೊರಟಾಗ ಮಸಾಲೆಯೊಡನೆ ಹಾಲಿನ ಪುಡಿಯೂ ಬರುವುದುಂಟು. ಒಂದೇ ಕಂಪನಿಯ ಎರಡು ಪೊಟ್ಟಣಗಳು ಈ ವಿಷಯದಲ್ಲಿ ಒಂದೇ ಅಲ್ಲ. ಹೊಳಪಿನ ಮಿಠಾಯಿಗಳಲ್ಲಿ 901 ಎಂಬ ಸಂಖ್ಯೆ ಜೇನುಮೇಣವನ್ನೂ, 904 ಎಂಬುದು ಕೀಟದಿಂದ ದೊರೆಯುವ ಅರಗನ್ನೂ ಸೂಚಿಸುತ್ತದೆ. ಇದಕ್ಕೆ ವಿರುದ್ಧವಾಗಿ ಲ್ಯಾಕ್ಟಿಕ್ ಆಮ್ಲವು ಹೆಸರಿನಿಂದ ಹಾಲಿನ ನಂಟನೆನಿಸಿದರೂ ಕಾರ್ಖಾನೆಗಳಲ್ಲಿ ಬಹುಮಟ್ಟಿಗೆ ಸಸ್ಯಜನ್ಯ ಸಕ್ಕರೆಯನ್ನು ಹುದುಗಿಸಿ ತಯಾರಿಸಿದ್ದು. ಹೆಸರು ಕೇಳಿಯೇ ಅದನ್ನು ದೂರವಿಡುವುದು ಅವಸರದ ತೀರ್ಮಾನ.

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2022ರಲ್ಲಿ ವೀಗನ್ ಆಹಾರಕ್ಕೆಂದೇ ನಿಯಮಗಳನ್ನು ಹೊರಡಿಸಿ, ಎಲೆಯಿಂದ ಕೂಡಿದ ‘ವಿ’ ಅಕ್ಷರದ ಪ್ರತ್ಯೇಕ ಗುರುತನ್ನು ಗೊತ್ತುಪಡಿಸಿತು. ಆ ಗುರುತಿಲ್ಲದ ತಿಂಡಿಯೆಲ್ಲ ವರ್ಜ್ಯವೆಂದು ತಿಳಿಯಬೇಕಾಗಿಲ್ಲ. ಹುರಿದ ಕಡಲೆಕಾಯಿಗೆ ಯಾವ ಗುರುತೂ ಇಲ್ಲದಿದ್ದರೂ ಅದು ಕಡಲೆಕಾಯಿಯೇ.

ಪಟ್ಟಿಯ ಕೆಳಗೆ ‘ಹಾಲಿನ ಅಂಶವಿರಬಹುದು’ ಎಂಬ ಸಾಲು ಕೆಲವೊಮ್ಮೆ ಇರುತ್ತದೆ. ತಿಂಡಿಗೆ ಹಾಲು ಹಾಕಿದ್ದಾರೆಂದು ಇದರ ಅರ್ಥವಲ್ಲ. ಹಾಲು ಬಳಸುವ ಯಂತ್ರದಲ್ಲಿಯೇ ಇದೂ ತಯಾರಾಗಿ ಲೇಶ ತಗುಲಿರಬಹುದೆಂಬ ಎಚ್ಚರಿಕೆ. ತತ್ತ್ವಕ್ಕಾಗಿ ಹಾಲು ಬಿಟ್ಟವರು ಈ ಸಾಲನ್ನು ತಮ್ಮ ವಿವೇಚನೆಯಂತೆ ಪರಿಗಣಿಸಬಹುದು. ಹಾಲಿನ ತೀವ್ರ ಅಲರ್ಜಿಯಿರುವ ಮಗುವಿಗೆ ಆ ಲೇಶವೂ ಪ್ರಾಣಾಪಾಯ ತರಬಲ್ಲುದು. ಅಂಥ ಪೊಟ್ಟಣವನ್ನು ಆ ಮಗುವಿನ ಕೈಗೆ ಕೊಡಲಾಗದು.